ಸಂಪಾದಕರ ಉತ್ತರ: ಓಡುತ್ತಿರುವ ಕಂಪ್ಯೂಟರನ್ನು ಯಾಕೆ ಬಿಸಾಡಬೇಕು?

ಶಿರಸಿ ಕಡೆಯ ಓದುಗರೊಬ್ಬರು ಮೂರು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ. ಗಂಡ ಹೆಂಡತಿ ಸೇರಿ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ನಡೆಸುತ್ತಾರೆ. ಲಗ್ನಪತ್ರಿಕೆ, ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿಯ ವಾರ್ಷಿಕ ವರದಿ, ಇಂಥ ಕೆಲಸ. 2016ರಲ್ಲಿ ತಗೊಂಡ ಎರಡು ಕಂಪ್ಯೂಟರ್ ಇವೆ. ಎರಡರಲ್ಲೂ ವಿಂಡೋಸ್ 10. ಕಾಗದದ ಮುಖ್ಯ ಭಾಗ ಇದು:

"ಪರದೆ ಮೇಲೆ ಪದೇಪದೇ ನೋಟಿಸ್ ಬರುತ್ತಿದೆ. ವಿಂಡೋಸ್ 10ರ ಬೆಂಬಲ ಮುಗಿಯಿತು, ಈ ಕಂಪ್ಯೂಟರ್ ವಿಂಡೋಸ್ 11ಕ್ಕೆ ಆಗುವುದಿಲ್ಲ ಅಂತ. ರಿಪೇರಿಗೆ ಬರುವ ಹುಡುಗ ಎರಡನ್ನೂ ಬದಲಾಯಿಸಿಬಿಡಿ ಅನ್ನುತ್ತಾನೆ. ಯಂತ್ರ ಚೆನ್ನಾಗಿಯೇ ಓಡುತ್ತಿದೆ. ಮೊನ್ನೆ ಮೊನ್ನೆ 72 ಪುಟದ ಸ್ಮರಣ ಸಂಚಿಕೆ ಮಾಡಿಕೊಟ್ಟಿದ್ದೇನೆ. ಇದು ಹೊಸದನ್ನು ಮಾರುವ ಉಪಾಯ ಅಲ್ಲವೇ? ನಿಮ್ಮ ಪತ್ರಿಕೆಯಲ್ಲಿ ತಿಂಗಳು ತಿಂಗಳು ಎಐ, ಎಐ ಅಂತ ಬರೆಯುತ್ತೀರಿ. ನಮ್ಮಂಥ ಅಂಗಡಿಯವರ ವಿಷಯ ಯಾರು ಬರೆಯುತ್ತಾರೆ?"

ನಮಸ್ಕಾರ ಮೇಡಂ,

ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ತಪ್ಪು ನಮ್ಮದೇ. ನಿಮ್ಮ ಕಾಗದ ಬಂದ ಮೇಲೆ ಹಳೆ ಸಂಚಿಕೆಗಳನ್ನು ತಿರುವಿದೆ. ಎಐ ಬಗ್ಗೆ ಪುಟಗಟ್ಟಲೆ ಇದೆ. ವಿಂಡೋಸ್ 10ರ ಬಗ್ಗೆ ಒಂದು ಚಿಕ್ಕ ಬಾಕ್ಸ್ ಇದೆ, ಅದೂ ಜಾಹೀರಾತಿನ ಪಕ್ಕ ಉಳಿದ ಜಾಗದಲ್ಲಿ. ಬೈಸಿಕೊಳ್ಳಬೇಕಾದ್ದೇ.

ಇನ್ನು ಉಪಾಯದ ಮಾತು. ಹೌದು ಅಂದರೂ ಪೂರ್ತಿ ನಿಜವಲ್ಲ, ಅಲ್ಲ ಅಂದರೂ ನಿಜವಲ್ಲ. ಮೊದಲು ಕಂಪನಿಯ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ.

ವಿಂಡೋಸ್ 10 ಬಂದದ್ದು 2015ರ ಜುಲೈ 29ರಂದು. ಬೆಂಬಲ ಮುಗಿದದ್ದು 2025ರ ಅಕ್ಟೋಬರ್ 14ಕ್ಕೆ. ಈ ಕೊನೆ ದಿನವನ್ನು ಮೈಕ್ರೋಸಾಫ್ಟ್ 2015ರಲ್ಲೇ ಪ್ರಕಟಿಸಿತ್ತು. ಹತ್ತು ವರ್ಷ ಕಡಿಮೆಯೇನಲ್ಲ. ಬೆಂಬಲ ಮುಗಿಯಿತು ಅಂದರೆ ಕಂಪ್ಯೂಟರ್ ನಿಂತುಹೋಗುತ್ತದೆ ಅಂತಲ್ಲ. ಕಳ್ಳರು ನುಗ್ಗುವ ಹೊಸ ಕಿಂಡಿ ಸಿಕ್ಕಿದಾಗ ಅದನ್ನು ಮುಚ್ಚಿಕೊಡುವುದನ್ನು ಕಂಪನಿ ನಿಲ್ಲಿಸುತ್ತದೆ, ಅಷ್ಟೇ. ಆದರೆ ಆ 'ಅಷ್ಟೇ' ಸಣ್ಣದಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಬಂತು. ಕಡತಗಳಿಗೆಲ್ಲ ಬೀಗ ಹಾಕಿ, ಬಿಡಿಸಲು ದುಡ್ಡು ಕೇಳುವ ವೈರಸ್ ಅದು. ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಯಂತ್ರಗಳು ಸಿಕ್ಕಿಬಿದ್ದವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ಅದು ನುಗ್ಗಿದ ಕಿಂಡಿಗೆ ಮಾರ್ಚ್‌ನಲ್ಲೇ ತೇಪೆ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಹಾಗಾಗಿ ನೋಟಿಸ್ ಸುಮ್ನೆ ಹೆದರಿಸಲು ಬಂದದ್ದಲ್ಲ.

ಈಗ ನಿಮ್ಮ ಪರ.

ವಿಂಡೋಸ್ 11 ಬಂದದ್ದು 2021ರ ಅಕ್ಟೋಬರ್ 5ರಂದು. ಅದಕ್ಕೆ ಎರಡು ಕಟ್ಟುಪಾಡು. ಒಂದು, ಟಿಪಿಎಂ 2.0 ಅನ್ನುವ ಭದ್ರತೆಯ ಭಾಗ ಇರಬೇಕು. ಯಂತ್ರದೊಳಗಿನ ಪುಟ್ಟ ತಿಜೋರಿ ಅಂದುಕೊಳ್ಳಿ, ಬೀಗದ ಕೀಲಿಗಳು ಅದರಲ್ಲಿ ಇರುತ್ತವೆ. ಎರಡು, ಪ್ರೊಸೆಸರ್ ಅವರ ಪಟ್ಟಿಯಲ್ಲಿರಬೇಕು. ಇಂಟೆಲ್ ಆದರೆ ಎಂಟನೇ ತಲೆಮಾರು, ಅಂದರೆ 2017ರ ಕೊನೆಯ ಹೊತ್ತಿಗೆ ಬಂದದ್ದು, ಅಥವಾ ಅದಕ್ಕಿಂತ ಹೊಸದು. ನಿಮ್ಮವು ಆರನೇ ತಲೆಮಾರಿನವು ಅಂತ ಬರೆದಿದ್ದೀರಿ. ಹಾಗಿದ್ದರೆ ತಿಜೋರಿ ನಿಮ್ಮ ಯಂತ್ರದಲ್ಲೂ ಇರುವ ಸಾಧ್ಯತೆ ಇದೆ. ಆ ಕಾಲದ ಎಷ್ಟೋ ಯಂತ್ರಗಳಲ್ಲಿ ಇದೆ, ಬಯಾಸ್‌ನಲ್ಲಿ, ಅಂದರೆ ಯಂತ್ರ ಶುರುವಾಗುವಾಗ ತೆರೆಯಬಹುದಾದ ಒಳಗಿನ ಸೆಟ್ಟಿಂಗ್ಸ್‌ನಲ್ಲಿ, ಆನ್ ಮಾಡಿರುವುದಿಲ್ಲ ಅಷ್ಟೇ. ಆದರೂ ಪಟ್ಟಿಯಲ್ಲಿ ಹೆಸರಿಲ್ಲ, ಒಳಗೆ ಬಿಡುವುದಿಲ್ಲ.

ಏಳನೇ ತಲೆಮಾರಿನ ಕತೆ ಕೇಳಿ. ಅದೂ ಹೊರಗೇ. ಆದರೆ ಆ ತಲೆಮಾರಿನ ಒಂದು ಲ್ಯಾಪ್‌ಟಾಪ್ ಪ್ರೊಸೆಸರ್‌ಗೆ ಮಾತ್ರ 2021ರ ಆಗಸ್ಟ್‌ನಲ್ಲಿ ಬಾಗಿಲು ತೆರೆಯಿತು. ಐ7-7820ಎಚ್‌ಕ್ಯೂ ಅಂತ ಅದರ ಹೆಸರು. ಅದು ಇದ್ದದ್ದು ಸರ್ಫೇಸ್ ಸ್ಟುಡಿಯೋ 2ರಲ್ಲಿ. ಆ ದುಬಾರಿ ಕಂಪ್ಯೂಟರನ್ನು ಆಗ ಮಾರುತ್ತಿದ್ದವರು ಯಾರು ಗೊತ್ತಾ? ಮೈಕ್ರೋಸಾಫ್ಟೇ! ತಾಂತ್ರಿಕ ಕಾರಣ ಅವರು ಕೊಟ್ಟಿದ್ದಾರೆ, ಯಂತ್ರದ ಭಾಗಗಳನ್ನು ನಡೆಸುವ ಡ್ರೈವರ್ ತಂತ್ರಾಂಶಗಳು ಅದರಲ್ಲಿ ಹೊಸ ಬಗೆಯವು ಅಂತ. ಇರಬಹುದು. ಆದರೆ ಊರಿಗೆಲ್ಲ ಒಂದು ನಿಯಮ, ಗೌಡರ ಮನೆಗೊಂದು ನಿಯಮ ಅಂದ ಹಾಗೆ ಕಾಣುತ್ತದಲ್ಲ, ಅದಕ್ಕೆ ಯಾರೂ ಏನೂ ಮಾಡಲಾಗದು.

ನನಗೆ ಸಿಟ್ಟು ಬರುವುದು ಬೆಂಬಲ ಮುಗಿದದ್ದಕ್ಕಲ್ಲ. ಮುಂದಿನ ಮೆಟ್ಟಿಲನ್ನು ತೆಗೆದಿಟ್ಟದ್ದಕ್ಕೆ. 2020ರ ಜನವರಿಯಲ್ಲಿ ವಿಂಡೋಸ್ 7ರ ಬೆಂಬಲ ಮುಗಿದಾಗ ಅದೇ ಯಂತ್ರಕ್ಕೆ 10 ಹಾಕಿಕೊಂಡು ಮುಂದೆ ಹೋದೆವು. ಈ ಸಲ ಹಾಗಿಲ್ಲ. ಕೆನಾಲಿಸ್ ಅನ್ನುವ ಸಂಸ್ಥೆ 2023ರಲ್ಲಿ ಲೆಕ್ಕ ಹಾಕಿತ್ತು: ಈ ಒಂದು ಕಾರಣಕ್ಕೆ ಸುಮಾರು 24 ಕೋಟಿ ಕಂಪ್ಯೂಟರ್‌ಗಳು ಕಸಕ್ಕೆ ಹೋಗಬಹುದು ಅಂತ. ಅದು ಅಂದಾಜು. ಅರ್ಧ ಅಂತ ಇಟ್ಟುಕೊಂಡರೂ 12 ಕೋಟಿ. ಗಾಡಿ ಹಳೆಯದಾಯಿತು ಅಂತ ತೀರ್ಮಾನ ಮಾಡಬೇಕಾದವರು ಓಡಿಸುವವರು, ಅಲ್ವಾ? ಇಲ್ಲಿ ಶೋರೂಮಿನವರು ಮಾಡುತ್ತಿದ್ದಾರೆ.

ಎಐ ಬಗ್ಗೆ ರೇಗಿದ್ದೀರಿ. ಆದರೆ ಮೇಡಂ, ಅದು ನಿಮ್ಮ ಅಂಗಡಿಗೂ ಬಂದಿದೆ, ರ‍್ಯಾಮ್ ಬೆಲೆಯ ವೇಷದಲ್ಲಿ. ಜಗತ್ತಿನ ರ‍್ಯಾಮ್ ಚಿಪ್‌ಗಳಲ್ಲಿ ಬಹುಪಾಲು ಮಾಡುವವರು ಮೂರೇ ಕಂಪನಿ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್. ಎಐ ಡೇಟಾ ಸೆಂಟರ್‌ಗಳಿಗೆ ಎಚ್‌ಬಿಎಂ ಅನ್ನುವ ದುಬಾರಿ ಮೆಮೊರಿ ಬೇಕು. ಕಂಪನಿಗಳು ಕಾರ್ಖಾನೆಯನ್ನು ಆ ಕಡೆ ತಿರುಗಿಸಿದವು, ನಮ್ಮಂಥವರಿಗೆ ಬೇಕಾದ ಮಾಮೂಲಿ ರ‍್ಯಾಮ್ ಕಡಿಮೆಯಾಯಿತು. 2025ರ ಕೊನೆಯಲ್ಲಿ ಬೆಲೆ ಸರ್ರನೆ ಏರಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಬ್ರ್ಯಾಂಡನ್ನೇ ಮುಚ್ಚುತ್ತೇನೆ ಅಂತ ಹೇಳಿತು. ಅಂಗಡಿಯಲ್ಲಿ ನಾವು ಕೇಳಿ ತಗೊಳ್ಳುತ್ತಿದ್ದ ರ‍್ಯಾಮ್, ಎಸ್‌ಎಸ್‌ಡಿ ಅದೇ. ಹೊಸ ಕಂಪ್ಯೂಟರ್ ಕೊಳ್ಳಲು ಇದು ಒಳ್ಳೆ ಹೊತ್ತಲ್ಲ. ಹುಡುಗನಿಗೆ ಇದನ್ನೂ ಹೇಳಿ. 'ಕೋಪೈಲಟ್ ಪ್ಲಸ್' ಅಂತ ಸ್ಟಿಕ್ಕರ್ ಇರುವ, ಎಐಗೆಂದೇ ಮಾಡಿದ ದುಬಾರಿ ಲ್ಯಾಪ್‌ಟಾಪ್ ತೋರಿಸಿದರೆ ಅಂತೂ ಬೇಡ ಅನ್ನಿ. ಲಗ್ನಪತ್ರಿಕೆಗೆ ಅದರಿಂದ ಏನೂ ಆಗಬೇಕಾಗಿಲ್ಲ.

ಹಾಗಾದರೆ ಏನು ಮಾಡಬೇಕು?

ಮೊದಲು ಒಂದು ವರ್ಷದ ಉಸಿರು ತಗೊಳ್ಳಿ. ಮನೆ ಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರ ತನಕ ಭದ್ರತೆಯ ತೇಪೆಗಳು ಮಾತ್ರ ಬರುವ ಯೋಜನೆ ಇದೆ. ಇಎಸ್‌ಯು ಅಂತ ಕರೆಯುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದರೆ ಸೇರುವ ಬಟನ್ ಅಲ್ಲೇ ಕಾಣುತ್ತದೆ. 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆ ಇರಬೇಕು. ಸೆಟ್ಟಿಂಗ್ಸ್ ಅವರ ಕ್ಲೌಡ್‌ನಲ್ಲಿ ಉಳಿಸಲು ಒಪ್ಪಿದರೆ ದುಡ್ಡಿಲ್ಲ. ಒಪ್ಪದಿದ್ದರೆ 30 ಡಾಲರ್. ಯುರೋಪಿನವರು ಜಗಳ ಮಾಡಿ ಆ ಷರತ್ತನ್ನು ಬಿಡಿಸಿಕೊಂಡರು, ನಮ್ಮ ಪರ ಯಾರೂ ಜಗಳ ಮಾಡಲಿಲ್ಲ. ಒಂದು ಖಾತೆಯಲ್ಲಿ 10 ಯಂತ್ರದ ತನಕ ಸೇರಿಸಬಹುದು. ದೊಡ್ಡ ಕಚೇರಿಗಳ ಹಾಗೆ ಡೊಮೇನ್‌ಗೆ ಸೇರಿಸಿದ ಯಂತ್ರಗಳಿಗೆ ಇದು ಸಿಗುವುದಿಲ್ಲ. ಅವರಿಗೆ ಬೇರೆ ದರ, ಮೊದಲ ವರ್ಷ ಯಂತ್ರಕ್ಕೆ 61 ಡಾಲರ್, ಆಮೇಲೆ ವರ್ಷ ವರ್ಷ ಎರಡರಷ್ಟು. ಪಟ್ಟಿಯಲ್ಲಿಲ್ಲದ ಯಂತ್ರಕ್ಕೂ 11 ಹಾಕಿಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ಹಿಂಬಾಗಿಲಿನ ಆ ದಾರಿ ಇದೆ, ನಿಜ. ಮುಂದೆ ಯಾವುದೋ ಅಪ್‌ಡೇಟ್‌ಗೆ ಅದು ಮುಚ್ಚಿಕೊಂಡರೆ ಮದುವೆ ಸೀಸನ್ನಿನಲ್ಲಿ ನಿಮಗೆ ಕಷ್ಟ. ಬೇಡ.

ಇನ್ನೊಂದು ಮಾತು ಬರೆದಿದ್ದೀರಿ: "ಡಿಟಿಪಿ ಯಂತ್ರದ ಇಂಟರ್‌ನೆಟ್ ಕಿತ್ತುಬಿಟ್ಟರೆ ಸಾಕಲ್ಲವೇ?" ಬೇರೆಯವರಿಗಾದರೆ ಸಾಕು ಅನ್ನುತ್ತಿದ್ದೆ. ನಿಮ್ಮದು ಜೆರಾಕ್ಸ್ ಅಂಗಡಿ. ದಿನಕ್ಕೆ ಇಪ್ಪತ್ತು ಜನ ಪೆನ್‌ಡ್ರೈವ್ ಹಿಡಿದು ಬರುತ್ತಾರೆ. ಅದೇ ನಿಮ್ಮ ಇಂಟರ್‌ನೆಟ್! ಆದ್ದರಿಂದ ಎರಡು ಯಂತ್ರಕ್ಕೂ ಒಂದೇ ಔಷಧಿ ಬೇಡ. ಗಿರಾಕಿಗಳ ಪೆನ್‌ಡ್ರೈವ್, ವಾಟ್ಸ್ಆ್ಯಪ್, ಆನ್‌ಲೈನ್ ಅರ್ಜಿ, ಎಲ್ಲ ಮುಂದಿನ ಮೇಜಿನ ಯಂತ್ರಕ್ಕೇ ಇರಲಿ. ಅದಕ್ಕೆ ವಿಂಡೋಸ್ ತೆಗೆದು ಲಿನಕ್ಸ್ ಮಿಂಟ್ ಹಾಕಿಸಿ. ವಿಂಡೋಸಿನ ಹಾಗೆ ಯಂತ್ರ ನಡೆಸುವ ವ್ಯವಸ್ಥೆ ಅದು, ಪುಕ್ಕಟೆ. ಹಾರ್ಡ್‌ಡಿಸ್ಕ್ ಇನ್ನೂ ಹಳೆಯದೇ ಇದ್ದರೆ ತೆಗೆದು ಚಿಕ್ಕ ಎಸ್‌ಎಸ್‌ಡಿ ಹಾಕಿಸಿ, ಯಂತ್ರಕ್ಕೆ ಹತ್ತು ವರ್ಷ ಕಡಿಮೆಯಾದ ಹಾಗೆ ಕಾಣುತ್ತದೆ. ಕನ್ನಡ ಟೈಪಿಂಗ್ ಹೇಗೆ ಅಂತ ಹೆದರಬೇಡಿ. ನುಡಿ ತಂತ್ರಾಂಶದಲ್ಲಿ ನಿಮಗೆ ರೂಢಿಯಾದ ಕಗಪ ಕೀಲಿಮಣೆ, ಕೆ.ಪಿ. ರಾವ್ ಅವರ ವಿನ್ಯಾಸದ್ದು, ಮಿಂಟ್‌ನಲ್ಲೂ ಇದೆ. ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ. ಒಂದೇ ಎಚ್ಚರಿಕೆ: ನಿಮ್ಮ ಪ್ರಿಂಟರ್ ಮತ್ತು ಸ್ಕ್ಯಾನರ್ ಅದರಲ್ಲಿ ನಡೆಯುತ್ತವೆಯೇ ಅಂತ ಮೊದಲು ನೋಡಿ. ಪೆನ್‌ಡ್ರೈವ್‌ನಿಂದಲೇ ಮಿಂಟ್ ಓಡಿಸಿ ನೋಡಬಹುದು, ಯಂತ್ರದಲ್ಲಿ ಏನೂ ಅಳಿಸದೆ.

ಹಿಂದಿನ ಮೇಜಿನ ಯಂತ್ರ, ಅಂದರೆ ಪುಟ ಕಟ್ಟುವ ಪೇಜ್‌ಮೇಕರ್ ತಂತ್ರಾಂಶ ಇರುವುದು, ಅಲ್ಲಿ ಹಾಗೇ ಇರಲಿ. ನಿಮ್ಮನ್ನು ನಿಜವಾಗಿ ಕಟ್ಟಿಹಾಕಿರುವುದು ವಿಂಡೋಸ್ 10 ಅಲ್ಲ ಅಂತ ನನಗೆ ಅನ್ನಿಸುವುದು ಇಲ್ಲೇ.

ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0. ಬಂದದ್ದು 2001ರಲ್ಲಿ. ಆಮೇಲೆ ಅಡೋಬಿ ಅದನ್ನು ಕೈಬಿಟ್ಟಿತು. ಇಪ್ಪತ್ತು ವರ್ಷ ದಾಟಿದರೂ ನಾವು ಬಿಡಲಿಲ್ಲ. ಯಾಕೆ ಅಂದರೆ ನಮ್ಮ ಹಳೆ ಕೆಲಸವೆಲ್ಲ ಹಳೆ ಫಾಂಟ್‌ನಲ್ಲಿದೆ. ಆ ಫಾಂಟ್‌ಗಳಲ್ಲಿ ಕಡತದೊಳಗೆ ಕನ್ನಡ ಇರುವುದೇ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ಮುಖವಾಡ ಹಾಕಿರುತ್ತಾರೆ. ನುಡಿಯ ಹಳೆ ಫಾಂಟ್‌ನಲ್ಲಿ 'ಕನ್ನಡ' ಅಂತ ಟೈಪ್ ಮಾಡಿ ಫಾಂಟ್ ಬದಲಿಸಿ ನೋಡಿ. ಒಂದು ಪಿ, ತಲೆ ಮೇಲೆ ಗೀಟಿರುವ ಮೂರು ಎ, ಒಂದು ಪೌಂಡ್ ಗುರುತು, ಜರ್ಮನ್ನರ ಒಂದು ಅಕ್ಷರ, ಒಂದು ಕ್ಯೂ. ಇಷ್ಟೇ ಇರುತ್ತದೆ ಒಳಗೆ. ಅದನ್ನು ಹುಡುಕಲಾಗದು, ಮೊಬೈಲಿನಲ್ಲಿ ಓದಲಾಗದು. ವಾಟ್ಸ್ಆ್ಯಪ್‌ನಲ್ಲಿ ಬಂದ ಮ್ಯಾಟರ್ ಅನ್ನು ಮತ್ತೆ ಟೈಪ್ ಮಾಡುತ್ತೀರಲ್ಲ, ಅದು ಇದೇ ಕಾರಣಕ್ಕೆ. ಮೊಬೈಲು, ವಾಟ್ಸ್ಆ್ಯಪ್ ಎಲ್ಲ ಬಳಸುವುದು ಯೂನಿಕೋಡ್, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿ. ಪೇಜ್‌ಮೇಕರ್‌ಗೆ ಅದು ಬರುವುದಿಲ್ಲ. ಇದರಲ್ಲಿ ಮೈಕ್ರೋಸಾಫ್ಟ್‌ನ ತಪ್ಪು ಏನೂ ಇಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ಯೂನಿಕೋಡ್ ಕನ್ನಡ ಇತ್ತು, ತುಂಗಾ ಅನ್ನುವ ಫಾಂಟ್ ಸಮೇತ. ಅದು ನೋಡಲು ಅಷ್ಟು ಚೆನ್ನಾಗಿರಲಿಲ್ಲ, ಒಪ್ಪುತ್ತೇನೆ.

ಹಾಗಾಗಿ ಈ ವರ್ಷದಲ್ಲಿ ಮಾಡಬೇಕಾದ ಕೆಲಸ ಇದು. ಹಳೆ ಕಡತಗಳಲ್ಲಿ ಮತ್ತೆ ಬೇಕಾಗುವಂಥವನ್ನು ಆರಿಸಿ. ಲಗ್ನಪತ್ರಿಕೆಯ ಮಾದರಿಗಳು, ಸೊಸೈಟಿ ವರದಿ, ದೇವಸ್ಥಾನದ ಆಮಂತ್ರಣ. ಎಲ್ಲ ಬೇಡ. ಪಠ್ಯವನ್ನು ಕಾಪಿ ಮಾಡಿ ಪರಿವರ್ತಕಕ್ಕೆ ಹಾಕಿ. ಹಳೆ ಫಾಂಟ್‌ನಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಆಮೇಲೆ ಒಮ್ಮೆ ಕಣ್ಣಾಡಿಸಲೇಬೇಕು, ಅದರಲ್ಲೂ ಅರ್ಕಾವತ್ತಿನ ಮೇಲೆ. ಹಳೆ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರುತ್ತದೆ. ಜಾಗ ತಪ್ಪಿದರೆ ವರನ ಹೆಸರೇ ಕೆಟ್ಟುಹೋದೀತು. ಪುಟ ಕಟ್ಟಲು ಇನ್‌ಡಿಸೈನ್ ಚೆನ್ನಾಗಿದೆ, ಆದರೆ ಬಾಡಿಗೆಯ ಲೆಕ್ಕದಲ್ಲಿ ದುಡ್ಡು ಕಟ್ಟುತ್ತಲೇ ಇರಬೇಕು. ಸ್ಕ್ರೈಬಸ್ ಪುಕ್ಕಟೆ, ಈಗಿನ ಆವೃತ್ತಿಗೆ ಯೂನಿಕೋಡ್ ಕನ್ನಡದ ಒತ್ತಕ್ಷರ ಬರುತ್ತದೆ. ಕೈ ಕೂಡಿಬರಲು ಒಂದೆರಡು ತಿಂಗಳು ಬೇಕು, ಅದೂ ಗಿರಾಕಿ ಕಡಿಮೆ ಇರುವ ಮಳೆಗಾಲದಲ್ಲಿ ಶುರು ಮಾಡಿದರೆ.

ಒಂದು ದಿನ ಯಂತ್ರ ನಿಜವಾಗಿ ಸತ್ತರೆ ಗುಜರಿಗೆ ಹಾಕಬೇಡಿ. ಒಳಗಿನ ತಾಮ್ರ, ಚೂರುಪಾರು ಚಿನ್ನಕ್ಕಾಗಿ ಬೋರ್ಡನ್ನು ಸುಡುತ್ತಾರೆ, ಆ ಹೊಗೆ ಕುಡಿಯುವವರು ಅಲ್ಲಿ ಕೆಲಸ ಮಾಡುವ ಹುಡುಗರು. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಂತು ಅಂತ ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಸರಿಯಾದ ಜಾಗಕ್ಕೆ ಹೋದದ್ದು ಅದರಲ್ಲಿ ಕಾಲು ಭಾಗಕ್ಕೂ ಕಡಿಮೆ.

ಇಷ್ಟೆಲ್ಲ ಬುದ್ಧಿ ಹೇಳಿದ ನನ್ನ ಕತೆಯನ್ನೂ ಕೇಳಿಬಿಡಿ. ನಮ್ಮ ಪತ್ರಿಕೆಯ 2004ರಿಂದ 2009ರವರೆಗಿನ ಸಂಚಿಕೆಗಳು ಪೇಜ್‌ಮೇಕರ್‌ನಲ್ಲಿ, ಸಿಡಿಗಳಲ್ಲಿ ಇವೆ. ಕಳೆದ ವರ್ಷ ಒಂದು ಹಳೆ ಲೇಖನ ಬೇಕಾಯಿತು. ಸಿಡಿ ಓದುವ ಡ್ರೈವ್ ಹುಡುಕಲು ಎರಡು ದಿನ ಹಿಡಿಯಿತು. ಕಡತ ತೆರೆಯಿತು. ಪುಟದ ತುಂಬ ಪೌಂಡ್ ಗುರುತು. ಆಗ ಬಳಸಿದ ಫಾಂಟ್ ಈಗ ಕಚೇರಿಯ ಯಾವ ಯಂತ್ರದಲ್ಲೂ ಇಲ್ಲ. ಅದನ್ನು ಹಾಕಿದ್ದ ಕಂಪ್ಯೂಟರನ್ನು ಹಳೆಯದಾಯಿತು ಅಂತ ಬಿಸಾಡಲು ಹೇಳಿದವನು ನಾನೇ. ಕೊನೆಗೆ ಅಚ್ಚಾದ ಪುಟ ನೋಡಿಕೊಂಡು ನಮ್ಮ ಉಪಸಂಪಾದಕಿ ಇಡೀ ಲೇಖನವನ್ನು ಮತ್ತೆ ಟೈಪ್ ಮಾಡಿದರು. ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನಿಮ್ಮ ಹಿಂದಿನ ಮೇಜಿನ ಯಂತ್ರದಲ್ಲಿ ಹಳೆ ನುಡಿ, ಶ್ರೀಲಿಪಿ, ಬರಹ ಫಾಂಟ್‌ಗಳೆಲ್ಲ ಇವೆ ಅಂತ ಕಾಗದದ ಎರಡನೇ ಪುಟದಲ್ಲಿ ಬರೆದಿದ್ದೀರಿ. ಅದನ್ನು ಓದಿದಾಗಿನಿಂದ ನನ್ನ ಮನಸ್ಸು ಅಲ್ಲೇ ಇದೆ. ದಯವಿಟ್ಟು ಆ ಯಂತ್ರಕ್ಕೆ ಕೈ ಹಚ್ಚಬೇಡಿ, ಮುಂದಿನ ತಿಂಗಳು ಶಿರಸಿ ಕಡೆ ಬರುವುದಿದೆ. ಸಿಡಿಗಳನ್ನು ತರುತ್ತೇನೆ. ಪುಟಕ್ಕೆ ಇಷ್ಟು ಅಂತ ನಿಮ್ಮ ದರ ಏನಿದೆಯೋ ಅದನ್ನೇ ಹಾಕಿ.