ಆ ಕೆಲವು ಸೆಕೆಂಡುಗಳು ಯಾಕೆ ಬೇಕು?

ಪ್ರೀತಿಯ ಓದುಗರೇ, ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ‘ರೋಬೋಕಾಪ್’ ಚಿತ್ರದ ಕತ್ತರಿ ಬೀಳದ ಆವೃತ್ತಿ ಇರುವ ಬ್ಲೂ-ರೇ ಡಿಸ್ಕ್ ಬಗ್ಗೆ ಬರೆದಿದ್ದೆವು. ಅದನ್ನು ಓದಿ ನೀವು ಬರೆದ ಪತ್ರ ಕೈಸೇರಿತು. ಕೋಪದ ಪತ್ರವೇ, ಆದರೆ ಯೋಚಿಸಿ ಬರೆದ ಪತ್ರ. ‘ಈ ಸಿನಿಮಾ ನಾನು ಟಿವಿಯಲ್ಲಿ ನೋಡಿದ್ದೇನೆ, ಇಷ್ಟವೂ ಆಗಿತ್ತು. ಕತ್ತರಿಸಿ ಎಸೆದ ರಕ್ತಪಾತವನ್ನು ಹುಡುಕಿ ತಂದು ಮತ್ತೆ ಅಂಟಿಸಿ ಮಾರುವುದು ಬರೀ ವ್ಯಾಪಾರ. ಅದನ್ನು ನಿಮ್ಮಂಥ ಪತ್ರಿಕೆ ಹೊಗಳಬೇಕಿತ್ತಾ?’ ಅಂತ ಕೇಳಿದ್ದೀರಿ. ನಾಳೆ ಎಲ್ಲ ಕೆಟ್ಟುಹೋಗುತ್ತೆ ಅಂತ ಹೆದರಿಸುವ ಚಿತ್ರಗಳಿಂದ ಯಾರಿಗೆ ಏನು ಲಾಭ ಅಂತಲೂ ಕೇಳಿದ್ದೀರಿ. ನಿಮ್ಮ ಹನ್ನೆರಡು ವರ್ಷದ ಮಗ ನಮ್ಮ ಅಂಕಣ ಓದಿ ಆ ಡಿಸ್ಕ್ ಬೇಕೆಂದು ಹಟ ಹಿಡಿದಿದ್ದಾನೆ ಎಂಬ ಮಾತೂ ಪತ್ರದಲ್ಲಿದೆ. ಇದಕ್ಕೆಲ್ಲ ಎರಡು ಸಾಲಿನಲ್ಲಿ ಉತ್ತರ ಬರೆದು ಮುಗಿಸಲು ಮನಸ್ಸಾಗಲಿಲ್ಲ.

ಚಿತ್ರ ನೋಡದವರಿಗಾಗಿ ಕಥೆ ಚುಟುಕಾಗಿ ಹೇಳಿಬಿಡುತ್ತೇನೆ. ಮುಂದಿನ ಯಾವುದೋ ಕಾಲದ ಡೆಟ್ರಾಯಿಟ್. ಊರು ಹಾಳುಬಿದ್ದಿದೆ. ಪೊಲೀಸ್ ಇಲಾಖೆಯನ್ನು ಓಸಿಪಿ ಎಂಬ ಕಂಪನಿ ನಡೆಸುತ್ತಿದೆ. ಹಳೆ ಊರು ಕೆಡವಿ ಡೆಲ್ಟಾ ಸಿಟಿ ಎಂಬ ಹೊಸ ನಗರ ಕಟ್ಟುವುದು ಆ ಕಂಪನಿಯ ಲೆಕ್ಕಾಚಾರ. ಮರ್ಫಿ ಎಂಬ ಪೊಲೀಸಿನವನನ್ನು ಒಂದು ಗ್ಯಾಂಗ್ ಕೊಲ್ಲುತ್ತದೆ. ಅವನ ದೇಹದಲ್ಲಿ ಉಳಿದದ್ದನ್ನು ಕಂಪನಿ ಎತ್ತಿಕೊಂಡು ಹೋಗಿ ಅರ್ಧ ಮನುಷ್ಯ, ಅರ್ಧ ಯಂತ್ರವಾದ ಪೊಲೀಸನನ್ನು ಮಾಡುತ್ತದೆ.

1987ರಲ್ಲಿ ಇದನ್ನು ತೆಗೆದವರು ಡಚ್ ನಿರ್ದೇಶಕ ಪಾಲ್ ವೆರ್ಹೋವೆನ್. ಎರಡನೇ ಮಹಾಯುದ್ಧದ ಹೊತ್ತಿಗೆ ಅವರು ಜರ್ಮನರ ಹಿಡಿತದಲ್ಲಿದ್ದ ಹೇಗ್ ನಗರದಲ್ಲಿ ಪುಟ್ಟ ಹುಡುಗ. ಬಾಂಬು, ಹೆಣ ಎಲ್ಲ ಕಣ್ಣಾರೆ ಕಂಡು ಬೆಳೆದವರು. ಅಮೆರಿಕದ ಚಿತ್ರೋದ್ಯಮದ ದರ್ಜೆ ಮಂಡಳಿ ಈ ಚಿತ್ರಕ್ಕೆ ‘ಎಕ್ಸ್’, ಅಂದರೆ ವಯಸ್ಕರಿಗೆ ಮಾತ್ರ ಎಂಬ ದರ್ಜೆ ಕೊಟ್ಟಿತು. ಆಗ ಆ ಮುದ್ರೆ ಬಿದ್ದರೆ ಹೆಚ್ಚಿನ ಥಿಯೇಟರ್‌ಗಳ ಬಾಗಿಲು ಮುಚ್ಚಿದಂತೆಯೇ ಇತ್ತು. ಹಾಗಾಗಿ ಮತ್ತೆ ಮತ್ತೆ ಕತ್ತರಿ ಹಾಕಿ, ಮತ್ತೆ ಮತ್ತೆ ಮಂಡಳಿಗೆ ತೋರಿಸಿ, ಕೊನೆಗೆ ಮಕ್ಕಳು ದೊಡ್ಡವರ ಜೊತೆ ಬಂದರೆ ನೋಡಬಹುದಾದ ‘ಆರ್’ ದರ್ಜೆ ಪಡೆದರು. ಕತ್ತರಿಸಿದ್ದು ಹೆಚ್ಚೇನಲ್ಲ, ಅಲ್ಲೊಂದು ಇಲ್ಲೊಂದು ಕೆಲವು ಸೆಕೆಂಡು. ಅಂದರೆ ನಿರ್ದೇಶಕರು ಬೇಡವೆಂದು ಎಸೆದದ್ದನ್ನು ಡಿಸ್ಕ್‌ನವರು ಹೆಕ್ಕಿ ತಂದದ್ದಲ್ಲ. ಅವರು ಬೇಕೆಂದೇ ಇಟ್ಟಿದ್ದನ್ನು ವಾಪಸ್ ಕೊಟ್ಟದ್ದು.

ಕಂಪನಿಯ ಮೀಟಿಂಗ್ ದೃಶ್ಯ ನಿಮಗೆ ನೆನಪಿರಬೇಕು. ಇಡಿ-209 ಎಂಬ ಭಾರಿ ಯಂತ್ರವನ್ನು ಎಲ್ಲರ ಮುಂದೆ ತಂದು ನಿಲ್ಲಿಸುತ್ತಾರೆ. ಕೈಗೊಂದು ಪಿಸ್ತೂಲು ಕೊಟ್ಟು, ಯಂತ್ರದ ಕಡೆ ಗುರಿಯಿಡು ಅಂತ ಒಬ್ಬ ಎಳೆಯ ಅಧಿಕಾರಿಗೆ ಹೇಳುತ್ತಾರೆ. ಆಯುಧ ಕೆಳಗಿಡಲು ಯಂತ್ರ 20 ಸೆಕೆಂಡು ಕೊಡುತ್ತದೆ. ಅವನು ಇಡುತ್ತಾನೆ. ಆದರೂ ಯಂತ್ರದ ಎಣಿಕೆ ನಿಲ್ಲುವುದಿಲ್ಲ. ಗುಂಡು ಹಾರುತ್ತದೆ. ಥಿಯೇಟರ್‌ಗೆ ಬಂದ ಆವೃತ್ತಿಯಲ್ಲಿ ಇದು ಬೇಗ ಮುಗಿಯುತ್ತದೆ. ನೋಡುವವರು ‘ಅಯ್ಯೋ’ ಅಂದು ಮುಂದಿನ ದೃಶ್ಯಕ್ಕೆ ಹೋಗಿಬಿಡುತ್ತಾರೆ.

ಪೂರ್ತಿ ಆವೃತ್ತಿಯಲ್ಲಿ ಮುಗಿಯುವುದೇ ಇಲ್ಲ. ಅವನು ಡೆಲ್ಟಾ ಸಿಟಿಯ ಮಾದರಿಯ ಮೇಲೆ, ಆ ಬೆಳ್ಳನೆ ಪುಟ್ಟ ಕಟ್ಟಡಗಳ ಮೇಲೆ ಬಿದ್ದಿದ್ದಾನೆ. ಸತ್ತು ಎಷ್ಟೋ ಹೊತ್ತಾಗಿದೆ. ಯಂತ್ರ ಇನ್ನೂ ಹೊಡೆಯುತ್ತಲೇ ಇದೆ. ತಂತ್ರಜ್ಞರು ವೈರು ಕಿತ್ತು ನಿಲ್ಲಿಸಲು ಒದ್ದಾಡುತ್ತಿದ್ದಾರೆ. ನಿಮಗೆ ಭಯ ಆಗುತ್ತದೆ, ಆಮೇಲೆ ಇದೆಂಥ ಹುಚ್ಚು ಅನ್ನಿಸುತ್ತದೆ. ಹೊಗೆ ಇನ್ನೂ ಆರಿರುವುದಿಲ್ಲ, ಅಷ್ಟರಲ್ಲೇ ಕಂಪನಿಯ ಮುದುಕ ಯಜಮಾನ ಬಡ್ಡಿಯಲ್ಲಿ ಆಗುವ ನಷ್ಟದ ಮಾತು ಎತ್ತುತ್ತಾನೆ. ಆ ಬಡ್ಡಿಯ ಮಾತು ಚುಚ್ಚಬೇಕಾದರೆ ಅದಕ್ಕೆ ಮುಂಚಿನ ಗುಂಡಿನ ಸುರಿಮಳೆ ಅಷ್ಟು ಹೊತ್ತು ಇರಲೇಬೇಕು. ಕತ್ತರಿಸಿದ್ದರಿಂದ ದೃಶ್ಯ ಸೌಮ್ಯವಾಗಲಿಲ್ಲ, ಅದರ ಹುಚ್ಚುತನ ಹೋಗಿ ಬರೀ ಕ್ರೌರ್ಯ ಉಳಿಯಿತು ಎಂದು ವೆರ್ಹೋವೆನ್ ಅವರೇ ಹೇಳಿಕೊಂಡಿದ್ದಾರೆ. ನನಗೂ ಅದು ಸರಿ ಅನ್ನಿಸುತ್ತದೆ.

ಇನ್ನು ಮರ್ಫಿಯ ಸಾವು. ನಿಜ ಹೇಳುತ್ತೇನೆ, ಪೂರ್ತಿ ಆವೃತ್ತಿಯಲ್ಲಿ ಅದನ್ನು ನೋಡುವುದು ಕಷ್ಟ. ಮೊದಲು ಅವನ ಬಲಗೈ ಮುಂಗೈ ಹೋಗುತ್ತದೆ, ಆಮೇಲೆ ಇಡೀ ತೋಳು. ಗ್ಯಾಂಗಿನವರು ನಗುತ್ತಿರುತ್ತಾರೆ. ಇಷ್ಟು ಯಾಕೆ ಬೇಕಿತ್ತು ಅಂತ ನಾನೂ ಕೇಳಿಕೊಂಡಿದ್ದೆ. ಉತ್ತರ ಸ್ವಲ್ಪ ಹೊತ್ತಿನ ನಂತರದ ದೃಶ್ಯದಲ್ಲಿದೆ. ಮರ್ಫಿಯ ಕಣ್ಣಿನಿಂದಲೇ ನಾವು ಪ್ರಯೋಗಾಲಯ ನೋಡುತ್ತಿದ್ದೇವೆ. ಎಡಗೈ ಉಳಿಸಿದ್ದೇವೆ ಅಂತ ತಜ್ಞರು ಖುಷಿಯಿಂದ ಹೇಳುತ್ತಾರೆ. ಕಂಪನಿಯ ಅಧಿಕಾರಿಗೆ ಸಿಟ್ಟು ಬರುತ್ತದೆ. ಆ ಕೈ ತೆಗೆದುಹಾಕಿ ಅನ್ನುತ್ತಾನೆ. ಕೆಲಸಕ್ಕೆ ಸೇರುವಾಗಲೇ ಮರ್ಫಿ ಸಹಿ ಹಾಕಿದ್ದಾನೆ, ಕಾನೂನಿನ ಲೆಕ್ಕದಲ್ಲಿ ಅವನು ಸತ್ತವನು, ಇನ್ನು ಏನು ಬೇಕಾದರೂ ಮಾಡಬಹುದು ಅಂತ ಅಲ್ಲೇ ಮಾತಾಗುತ್ತದೆ.

ಬಲಗೈಯನ್ನು ಗ್ಯಾಂಗ್ ತೆಗೆಯಿತು, ಎಡಗೈಯನ್ನು ಕಂಪನಿ ತೆಗೆಯಿತು. ಒಂದು ಬೀದಿಯ ಕೊಲೆ, ಇನ್ನೊಂದು ಕಾಗದ ಪತ್ರ ಎಲ್ಲ ಸರಿಯಾಗಿರುವ ಕೆಲಸ. ಟಿವಿ ಆವೃತ್ತಿಯಲ್ಲಿ ಆ ಮೊದಲ ನೋವು ನಮಗೆ ತಟ್ಟುವುದಿಲ್ಲ. ಹಾಗಾಗಿ ಎರಡನೆಯದು ಸುಮ್ನೆ ಹಾದುಹೋಗುತ್ತದೆ. ಈ ಜೋಡಿ ಕಾಣಿಸಿದ್ದಕ್ಕೇ ನಾವು ಡಿಸ್ಕನ್ನು ಹೊಗಳಿದ್ದು, ರಕ್ತಕ್ಕಾಗಿ ಅಲ್ಲ.

ಹೆದರಿಸುವ ಸಿನಿಮಾ ಅಂದಿರಿ. ಮರ್ಫಿ ತನ್ನ ಹಳೆ ಮನೆಗೆ ಹೋಗುವ ದೃಶ್ಯ ಇನ್ನೊಮ್ಮೆ ನೋಡಿ. ಮನೆ ಖಾಲಿ, ಮಾರಾಟಕ್ಕಿದೆ. ಕೋಣೆಗಳಲ್ಲಿ ಪರದೆಯ ಮೇಲೆ ಮಾರಾಟಗಾರ ಹಲ್ಲು ಕಿರಿಯುತ್ತ ಮನೆಯ ಗುಣಗಾನ ಮಾಡುತ್ತಿದ್ದಾನೆ. ಈ ಉಕ್ಕಿನ ಮನುಷ್ಯ ಕೋಣೆಯಿಂದ ಕೋಣೆಗೆ ನಡೆಯುತ್ತಾನೆ. ಮಗ ನೆನಪಾಗುತ್ತಾನೆ, ಹೆಂಡತಿ ನೆನಪಾಗುತ್ತಾಳೆ. ಅಷ್ಟು ಹೊತ್ತು ಅಬ್ಬರಿಸಿದ ಬೇಸಿಲ್ ಪೊಲೆಡೂರಿಸ್ ಸಂಗೀತ ಅಲ್ಲಿ ತೀರಾ ಮೆತ್ತಗಾಗುತ್ತದೆ. ಮರ್ಫಿಯಾಗಿ ನಟಿಸಿದ ಪೀಟರ್ ವೆಲ್ಲರ್‌ಗೆ ಅಭಿನಯಕ್ಕೆ ಉಳಿದಿರುವುದು ಬಾಯಿ, ಗದ್ದ ಮತ್ತು ನಡಿಗೆ, ಅಷ್ಟೇ. ಅಷ್ಟರಲ್ಲೇ ಅವರು ನನ್ನ ಗಂಟಲು ಕಟ್ಟಿಸಿದ್ದಾರೆ. ನನಗೆ ಇದು ಕಳೆದುಹೋದ ಹೆಸರನ್ನು ಮತ್ತೆ ಪಡೆಯುವವನ ಕಥೆ. ಹೆದರಿಕೆ ಅದರ ದಾರಿಯಲ್ಲಿ ಬರುತ್ತದೆ ಅಷ್ಟೇ.

ಡಿಸ್ಕ್ ಕೊಳ್ಳುವವರಿಗೆ ಒಂದೆರಡು ಮಾತು. ಇದೇ ಹೆಸರಿನ ಇನ್ನೊಂದು ಚಿತ್ರ 2014ರಲ್ಲಿ ಬಂದಿದೆ, ಇಸವಿ ನೋಡಿ ಕೊಳ್ಳಿ. ಹಳೆಯ ಡಿಸ್ಕ್‌ಗಳಲ್ಲಿ ಮರಳಿ ಸೇರಿಸಿದ ತುಣುಕುಗಳು ಬಂದಾಗ ಚಿತ್ರ ತಟ್ಟನೆ ಮಂಕಾಗುತ್ತಿತ್ತು. ಈಚಿನ ಮುದ್ರಣಗಳಲ್ಲಿ ಅದು ಬಹಳ ಸುಧಾರಿಸಿದೆ. ನಡುನಡುವೆ ಬರುವ ಟಿವಿ ವಾರ್ತೆಗಳು ಒರಟಾಗಿ ಕಂಡರೆ ಡಿಸ್ಕ್ ಕೆಟ್ಟಿದೆ ಅಂದುಕೊಳ್ಳಬೇಡಿ, ಅವು ಇರುವುದೇ ಹಾಗೆ.

ಕೊನೆಗೆ ನಿಮ್ಮ ಮಗನ ವಿಷಯ. ಇಲ್ಲಿ ನೀವು ಪೂರ್ತಿ ಸರಿ, ತಪ್ಪು ನಮ್ಮದು. ಆ ಉಕ್ಕಿನ ಉಡುಪು ನೋಡಿದರೆ ಯಾವ ಮಗುವಿಗಾದರೂ ಆಸೆಯಾಗುತ್ತದೆ. ಈ ಪಾತ್ರವನ್ನಿಟ್ಟುಕೊಂಡು 1988ರಲ್ಲೇ ಕಾರ್ಟೂನ್ ಸರಣಿ, ಆಟಿಕೆ ಎಲ್ಲ ಬಂದವು. ಆದರೆ ಮೂಲ ಚಿತ್ರ ದೊಡ್ಡವರದು, ಅದರಲ್ಲೂ ಪೂರ್ತಿ ಆವೃತ್ತಿ ಖಂಡಿತ ಮಕ್ಕಳಿಗಲ್ಲ. ಅದನ್ನು ನಾವು ಒಂದು ಸಾಲಿನಲ್ಲಾದರೂ ಬರೆಯಬೇಕಿತ್ತು, ಬರೆಯಲಿಲ್ಲ. ಕ್ಷಮಿಸಿ. ಈ ಸಂಚಿಕೆಯಿಂದ ಪ್ರತಿ ಡಿಸ್ಕ್ ಪರಿಚಯದ ಕೆಳಗೆ ಅದು ಯಾವ ವಯಸ್ಸಿನವರಿಗೆ, ಯಾಕೆ ಎಂದು ಹಾಕುತ್ತಿದ್ದೇವೆ. ಆ ಹುಡುಗನಿಗೆ ನಮ್ಮ ಪರವಾಗಿ ಹೇಳಿ, ಇನ್ನು ಕೆಲವು ವರ್ಷ ಕಾಯಲಿ. ಸಿನಿಮಾ ಎಲ್ಲಿಗೂ ಹೋಗುವುದಿಲ್ಲ.

– ಸಂಪಾದಕ