ಹಾಸನದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ. ಮಂಗಳೂರಿನ ಕಡಲ ಉಬ್ಬರವಿಳಿತದಿಂದ ಕರೆಂಟ್ ತೆಗೆಯುವ ಪ್ರಾಜೆಕ್ಟ್ ಮಾಡಲಾ, ಸೋಲಾರ್ ಮಾಡಲಾ?

ಅಯ್ಯೋ, ಹತ್ತು ವರ್ಷದ ಹಿಂದೆ ಇದೇ ಹಾಸನದಲ್ಲಿ ಇದೇ ಪ್ರಾಜೆಕ್ಟ್ ಹಿಡಿದುಕೊಂಡು ನಾನೂ ಓಡಾಡಿದ್ದೆ. ಊರು ಸಕಲೇಶಪುರದ ಹತ್ತಿರ. ಅಲ್ಲಿಯವರೆಗೆ ಕಡಲು ನೋಡಿದ್ದೇ ಎರಡು ಸಲ. ಅದಕ್ಕೇ ಇರಬೇಕು ಅಷ್ಟು ಧೈರ್ಯ.

ಮೂವರು ಶಿರಾಡಿ ಘಾಟಿ ಇಳಿದು ಮಂಗಳೂರು ಧಕ್ಕೆಗೆ ಹೋದೆವು. ಇಳಿತದ ಹೊತ್ತು. ಕಂಬಗಳಿಗೆ ಚಿಪ್ಪು ಮೆತ್ತಿಕೊಂಡಿತ್ತು. ಉಬ್ಬರದಲ್ಲಿ ನೀರು ಎಲ್ಲಿಯವರೆಗೆ ಬರುತ್ತೆ ಅಂತ ಬಲೆ ಹೊಲಿಯುತ್ತಿದ್ದ ಒಬ್ಬರು ತೋರಿಸಿದರು. ಟೇಪು ಇಳಿಬಿಟ್ಟೆವು, ಒಂದೂವರೆ ಮೀಟರ್. "ಇಷ್ಟರಲ್ಲಿ ಕರೆಂಟಾ?" ಅಂತ ಅವರು ನಕ್ಕರು. ಅಳತೆ ಸರಿಯಾಗೇ ಇತ್ತು, ಕೆಟ್ಟಿದ್ದು ಲೆಕ್ಕ.

ಫ್ರಾನ್ಸಿನಲ್ಲಿ ಲಾ ರಾನ್ಸ್ ಅಂತ ಒಂದು ಸ್ಥಾವರ ಇದೆ. 1966ರದ್ದು, 240 ಮೆಗಾವ್ಯಾಟ್. ಅಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸರಾಸರಿ ಸುಮಾರು 8 ಮೀಟರ್ ವ್ಯತ್ಯಾಸ. ನಾನು ಅಂಗಡಿ ಲೆಕ್ಕ ಹಾಕಿದೆ: ಎಂಟಕ್ಕೆ 240 ಆದರೆ ಒಂದೂವರೆಗೆ 45. ಅದನ್ನೇ ದಪ್ಪಕ್ಷರದಲ್ಲಿ ಪ್ರಿಂಟ್ ಹಾಕಿಸಿದೆ. ತಗಡಿನ ಮಾಡೆಲ್‌ಗೆ ಅಪ್ಪನ ಮೆಣಸಿನ ದುಡ್ಡು ಹದಿನೆಂಟು ಸಾವಿರ ಹೋಯಿತು.

ವೈವಾದಲ್ಲಿ ಎಕ್ಸ್‌ಟರ್ನಲ್, ಅಂದರೆ ಹೊರಗಿನಿಂದ ಬಂದ ಪರೀಕ್ಷಕರು, ಆ 45ರ ಮೇಲೆ ಬೆರಳಿಟ್ಟರು. "ಎತ್ತರ ಅರ್ಧ ಆದರೆ ಶಕ್ತಿ ಎಷ್ಟಾಗುತ್ತೆ?" "ಅರ್ಧ ಸಾರ್." "ಕಾಲು." ಆಮೇಲೆ ಅವರು ಹಾಳೆ ತಿರುಗಿಸಲೇ ಇಲ್ಲ.

ಇದನ್ನ ಚೆನ್ನಾಗಿ ತಲೆಗೆ ಹಾಕಿಕೊಳ್ಳಿ. ಕಡಲ ನೀರನ್ನ ಕಟ್ಟೆಯೊಳಗೆ ಹಿಡಿದು ಬಿಡುತ್ತೀರಿ ಅಲ್ವಾ? ಮಟ್ಟ ಅರ್ಧ ಆದರೆ ಹಿಡಿದ ನೀರೂ ಅರ್ಧ, ಅದು ಬೀಳುವ ಎತ್ತರವೂ ಅರ್ಧ. ಅರ್ಧದಲ್ಲಿ ಅರ್ಧ ಅಂದ್ರೆ ಕಾಲು. ಮೂರನೇ ಒಂದಾದರೆ ಒಂಬತ್ತನೇ ಒಂದು. ಎಂಟು ಮೀಟರ್ ಒಂದೂವರೆಗೆ ಇಳಿದರೆ 28 ಪಟ್ಟು ಕಮ್ಮಿ. ನನ್ನ 45 ನಿಜಕ್ಕೂ ಎಂಟೂವರೆ ಮೆಗಾವ್ಯಾಟ್! ಅದೂ ಲಾ ರಾನ್ಸ್‌ನಷ್ಟೇ, ಅಂದರೆ 22 ಚದರ ಕಿಲೋಮೀಟರ್ ನೀರಿನ ಹರವು ಇದ್ದರೆ. ನೇತ್ರಾವತಿ ಅಳಿವೆಯಲ್ಲಿ ಅಷ್ಟು ಜಾಗ ಎಲ್ಲಿಂದ ತರೋದು? ಗೋಡೆ ಕಟ್ಟೋ ಖರ್ಚು ಮಾತ್ರ 28 ಪಟ್ಟು ಕಮ್ಮಿ ಆಗಲ್ಲ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಹೆಚ್ಚೆಂದರೆ 11 ಮೀಟರ್ ಏರುತ್ತೆ, ಅಲ್ಲೇ ಇನ್ನೂ ಯಾರೂ ಕಟ್ಟಿಲ್ಲ.

ಕಡಲಾ, ಸೋಲಾರಾ ಅನ್ನೋ ನಿಮ್ಮ ಪ್ರಶ್ನೆಯೇ ನನಗೆ ಹಿಡಿಸಲಿಲ್ಲ. ಸೋಲಾರ್ ಪ್ರಾಜೆಕ್ಟ್ ನಿಮ್ಮ ಕ್ಲಾಸಲ್ಲೇ ನಾಲ್ಕು ಟೀಮ್ ಮಾಡುತ್ತಿರುತ್ತೆ. ಕೂತಿರೋದು ಘಟ್ಟದ ಮಗ್ಗುಲಲ್ಲಿ, ಹುಡುಕೋದು ಮಂಗಳೂರಲ್ಲಾ? ಸಕಲೇಶಪುರ, ಮೂಡಿಗೆರೆ ಕಡೆ ತೋಟದ ಹಳ್ಳದಲ್ಲಿ ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಬಿದ್ದರೆ ಲೆಕ್ಕದಲ್ಲಿ 2 ಕಿಲೋವ್ಯಾಟ್. ಪೈಪು, ಟರ್ಬೈನು ತಿಂದು ಅರ್ಧ ಉಳಿದರೂ ಒಂದು ಮನೆಯ ಲೈಟು, ಫ್ಯಾನು, ಟಿವಿ ನಡೆಯುತ್ತೆ. ಇಲ್ಲಿ ಎತ್ತರ ಅರ್ಧ ಆದರೆ ಕರೆಂಟೂ ಬರೀ ಅರ್ಧ ಆಗುತ್ತೆ, ಯಾಕಂದ್ರೆ ನೀರು ಹಳ್ಳದ್ದು, ಎತ್ತರದ ಜೊತೆ ಅದು ಕಮ್ಮಿ ಆಗಲ್ಲ.

ಹಳ್ಳದಲ್ಲಿ ಸೆಕೆಂಡಿಗೆ ಎಷ್ಟು ಲೀಟರ್ ಬರುತ್ತೆ ಅಂತ ಅಳೆಯೋಕೆ ಒಂದು ಬಕೆಟ್ಟು, ಒಂದು ವಾಚು ತಗೊಂಡು ಹೋಗಿ. ಆದಷ್ಟು ಜನವರಿಯೊಳಗೆ. ನಮ್ಮ ತೋಟದ ಹಳ್ಳದಲ್ಲಂತೂ ಮಾರ್ಚ್‌ಗೆ ಕಲ್ಲೇ ಜಾಸ್ತಿ ಕಾಣೋದು.