ಆರ್ಕಿಡ್ ಕುಂಡದಲ್ಲಿ ನೊರಜಿನ ಕಾಟ

ಪ್ರಶ್ನೆ: ಮನೆಯೊಳಗಿಟ್ಟ ಫೆಲನಾಪ್ಸಿಸ್ ಆರ್ಕಿಡ್‌ಗೆ ನೀರು ಹಾಕಿದಾಗಲೆಲ್ಲ ಕುಂಡದಿಂದ ಸಣ್ಣ ಕಪ್ಪು ನೊಣಗಳು ಏಳುತ್ತವೆ. ಎರಡು ಸಲ ಕೀಟನಾಶಕ ಹೊಡೆದರೂ ವಾರದೊಳಗೆ ಮತ್ತೆ ಹಾಜರು. ಯಾಕೆ ಹೀಗೆ?

ಉತ್ತರ: ಲಕ್ಷಣ ನೋಡಿದರೆ ಇವು ಫಂಗಸ್ ನ್ಯಾಟ್ ಎಂಬ ನೊರಜುಗಳು. ಎರಡು ಮೂರು ಮಿಲಿಮೀಟರ್ ಉದ್ದ, ಸೊಳ್ಳೆಯಂಥ ಕಾಲು, ದೂರ ಹಾರಲಾರದ ಜೀವ. ನೀವು ಕೊಂದದ್ದು ಹಾರುವವನ್ನು ಮಾತ್ರ. ಅವು ಹೇಗಿದ್ದರೂ ವಾರ ಹತ್ತು ದಿನಕ್ಕೆ ಸಾಯುವಂಥವು. ಅಷ್ಟರಲ್ಲಿ ಒಂದೊಂದು ಹೆಣ್ಣೂ ನೂರರಷ್ಟು ಮೊಟ್ಟೆ ಇಟ್ಟಿರುತ್ತದೆ. ಮೊಟ್ಟೆಯಿಂದ ನೊಣವಾಗಲು ಮೂರು ನಾಲ್ಕು ವಾರ. ಕರಿತಲೆಯ, ಗಾಜಿನಂತೆ ಬೆಳ್ಳಗಿರುವ ಮರಿಹುಳುಗಳು, ಆರ್ಕಿಡ್ ಕುಂಡಕ್ಕೆ ಮಣ್ಣಿನ ಬದಲು ತುಂಬುವ ಮರದ ತೊಗಟೆಯ ಚೂರು ಒದ್ದೆಯಾಗಿದ್ದರೆ, ಅದರಲ್ಲಿ ಬೂಷ್ಟು ತಿನ್ನುತ್ತವೆ. ಸಂಖ್ಯೆ ಹೆಚ್ಚಿದರೆ ಎಳೆ ಬೇರಿನ ತುದಿಗೂ ಬಾಯಿ ಹಾಕುತ್ತವೆ.

ಖಚಿತವಾಗಬೇಕಾದರೆ ಒಂದು ಸೆಂಟಿಮೀಟರ್ ದಪ್ಪದ ಹಸಿ ಆಲೂಗಡ್ಡೆ ಬಿಲ್ಲೆಯನ್ನು ತೊಗಟೆಯ ಮೇಲೆ ಒತ್ತಿಡಿ. ಎರಡು ಮೂರು ದಿನದ ಮೇಲೆ ಮಗುಚಿದರೆ ಹುಳುಗಳು ಅಡಿಯಲ್ಲಿ ಅಂಟಿರುತ್ತವೆ.

ಮೊದಲ ಮದ್ದು ಒಣಗಿಸುವುದು. ಬೇರು ಹಸಿರಾಗಿದ್ದರೆ ನೀರು ಬೇಡ, ಬೆಳ್ಳಿ ಬಣ್ಣಕ್ಕೆ ತಿರುಗಿದ ಮೇಲೆ ಹಾಕಿ. ಸ್ಫ್ಯಾಗ್ನಮ್ ಪಾಚಿಯಲ್ಲಿ ನೆಟ್ಟಿದ್ದರೆ ಮೇಲ್ಪದರ ನಂಬಬೇಡಿ. ಅದು ಗರಿಗರಿಯಾಗಿದ್ದಾಗಲೂ ನಡುವೆ ತೊಯ್ದಿರುತ್ತದೆ. ಮರದ ಕಡ್ಡಿಯೊಂದನ್ನು ನಡುವಿನ ತನಕ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ಮುಟ್ಟಿ ನೋಡಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ. ನೊಣಗಳು ಕುಂಡದ ಅಡಿತೂತಿನಿಂದಲೂ ಒಳಹೋಗಿ ಮೊಟ್ಟೆ ಇಡುತ್ತವೆ.

ಎರಡನೆಯದು ಬಿಟಿಐ, ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರಯೆಲೆನ್ಸಿಸ್ ಎಂಬ, ತಿಂದ ಮರಿಹುಳುವನ್ನು ಕೊಲ್ಲುವ ಬ್ಯಾಕ್ಟೀರಿಯ. ಕಂಬಳಿಹುಳುವಿಗೆ ಮಾರುವ ‘ಕುರ್ಸ್ಟಾಕಿ’ ತಳಿ ಇಲ್ಲಿ ಕೆಲಸಕ್ಕೆ ಬಾರದು. ಲೇಬಲ್ ಓದಿ ಕೊಳ್ಳಿ, ಪ್ರಮಾಣವನ್ನೂ ಅದರಂತೆಯೇ ಬೆರೆಸಿ. ಮೇಲಿಂದ ಸುರಿದರೆ ತೊಗಟೆಯ ಸಂದಿನಲ್ಲಿ ಇಳಿದುಹೋಗುವುದರಿಂದ ಕುಂಡವನ್ನೇ ದ್ರಾವಣದಲ್ಲಿ ಹದಿನೈದು ನಿಮಿಷ ಅದ್ದಿ, ಪೂರ್ತಿ ಬಸಿಯಲು ಬಿಡಿ. ವಾರಕ್ಕೊಮ್ಮೆ, ನಾಲ್ಕು ವಾರ. ಮೊಟ್ಟೆ ಮತ್ತು ಕೋಶದಲ್ಲಿರುವ ಹುಳು ಇದನ್ನು ತಿನ್ನುವುದಿಲ್ಲ, ಹಾಗಾಗಿ ಒಂದೇ ಸಲಕ್ಕೆ ನಿಲ್ಲಿಸಿದರೆ ಮಾಡಿದ್ದೆಲ್ಲ ವ್ಯರ್ಥ. ಜೊತೆಗೆ ಹಳದಿ ಅಂಟುಪಟ್ಟಿಯನ್ನು ತೊಗಟೆಯ ಮಟ್ಟದಲ್ಲೇ ಇಡಿ. ಎತ್ತರಕ್ಕೆ ಕಟ್ಟಿದರೆ ಶೋಭೆಗೆ ಸರಿ, ನೊಣ ಅಷ್ಟು ಮೇಲೆ ಬರುವುದು ಕಡಿಮೆ. ಪಟ್ಟಿಯಿಂದ ಕಾಟ ಮುಗಿಯುವುದಿಲ್ಲ, ಕಡಿಮೆಯಾಗುತ್ತಿದೆಯೇ ಎಂದು ಎಣಿಸಬಹುದು. ಪಕ್ಕದಲ್ಲಿ ಕೋಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿದ ಬೇರೆ ಕುಂಡಗಳಿದ್ದರೆ ಅವಕ್ಕೂ ಇದೇ ಚಿಕಿತ್ಸೆ. ಎಷ್ಟೋ ಸಲ ಮೂಲ ಅಲ್ಲೇ ಇರುತ್ತದೆ.

ಪ್ರಶ್ನೆ: ಹೂವಿದೆ. ಈಗ ಕುಂಡ ಬದಲಿಸಬಹುದೇ?

ಉತ್ತರ: ತೊಗಟೆಯನ್ನು ಬೆರಳಲ್ಲಿ ಹಿಸುಕಿ. ಗಟ್ಟಿಯಿದ್ದರೆ ಹೂ ಉದುರುವ ತನಕ ಕಾಯಿರಿ. ಪುಡಿಯಾಗಿ ಮಣ್ಣಿನ ವಾಸನೆ ಬಂದರೆ ಕಾಯಬೇಡಿ; ಹೂಗೊಂಚಲು ಕತ್ತರಿಸಿ ಹೂದಾನಿಗೆ ಹಾಕಿ, ಗಿಡ ಉಳಿಸಿಕೊಳ್ಳಿ. ಹಳೆ ತೊಗಟೆ ಒಂದು ಚೂರೂ ಉಳಿಯದಂತೆ ಬೇರು ತೊಳೆದು, ಮೆತ್ತಗಾದ, ಟೊಳ್ಳಾದ ಬೇರನ್ನು ಶುದ್ಧ ಕತ್ತರಿಯಿಂದ ತೆಗೆಯಿರಿ. ಒಂದೆರಡು ಸೆಂಟಿಮೀಟರ್ ಗಾತ್ರದ ಹೊಸ ತೊಗಟೆಯಲ್ಲಿ, ಬೇರು ಹಿಡಿಸುವಷ್ಟೇ ದೊಡ್ಡ ಕುಂಡದಲ್ಲಿ ನೆಡಿ. ಮೂರು ನಾಲ್ಕು ದಿನ ನೀರು ಬೇಡ. ಹಳೆಯದನ್ನು ಚೀಲ ಕಟ್ಟಿ ಮನೆಯಿಂದಾಚೆ ಹಾಕಿ.

ಪ್ರಶ್ನೆ: ಮರಳು, ದಾಲ್ಚಿನ್ನಿ ಪುಡಿ, ಹೈಡ್ರೋಜನ್ ಪೆರಾಕ್ಸೈಡ್?

ಉತ್ತರ: ಮರಳು ತೊಗಟೆಯ ಸಂದಿಗೆ ಇಳಿದು ಗಾಳಿಯಾಡುವ ಜಾಗ ಮುಚ್ಚುತ್ತದೆ. ದಾಲ್ಚಿನ್ನಿ ಜೀವಂತ ಬೇರನ್ನು ಒಣಗಿಸುತ್ತದೆ. ಪೆರಾಕ್ಸೈಡ್ ಸೋಕಿದ ಹುಳು ಸಾಯಬಹುದು, ಎಳೆ ಬೇರಿನ ತುದಿಯೂ ಸುಡಬಹುದು. ಮೂರೂ ಬೇಡ.

ಪ್ರಶ್ನೆ: ವಿನೆಗರ್ ಬಟ್ಟಲಿಟ್ಟರೆ ಒಂದೂ ಬೀಳಲಿಲ್ಲ.

ಉತ್ತರ: ಅದು ಹಣ್ಣಿನ ನೊಣಕ್ಕೆ ಒಡ್ಡುವ ಬಲೆ. ಆ ನೊಣ ಕಂದು, ದಪ್ಪ, ಸಾಮಾನ್ಯವಾಗಿ ಕೆಂಪು ಕಣ್ಣಿನದು. ಸುತ್ತುವುದು ಹಣ್ಣನ್ನು, ಕುಂಡವನ್ನಲ್ಲ. ಇನ್ನು ಹೂದಳದ ಮೇಲೆ ಬೆಳ್ಳಿಗೀರು ಕಂಡರೆ ಅದು ಥ್ರಿಪ್ಸ್ ಎಂಬ ಬೇರೆ ಸಣ್ಣ ಕೀಟದ ಕೆಲಸ. ಅದಕ್ಕೆ ಬಿಟಿಐ ತಾಗದು. ಕೀಟ ಹತ್ತಿದ ಹೂಗಳನ್ನು ಮೊದಲು ಕಿತ್ತುಹಾಕಿ.